ಬೆಳಗಿನ ತಿಂಡಿಗೆ ರಾತ್ರಿಯೇ ತಯಾರಿ

"ಬೆಳಿಗ್ಗೆ ಹಸಿವೇ ಆಗಲ್ಲ, ಏನು ಮಾಡಲಿ?" ಅನ್ನುವವರನ್ನು ನಾನು ಮೊದಲು ಕೇಳುವುದು, ರಾತ್ರಿ ಎಷ್ಟು ಹೊತ್ತಿಗೆ ಉಂಡಿರಿ ಅಂತ. ಹತ್ತೂವರೆಗೆ ಹೊಟ್ಟೆ ಬಿರಿಯ ಉಂಡು ಮಲಗಿದವರಿಗೆ ಏಳು ಗಂಟೆಗೆ ಹಸಿವು ಎಲ್ಲಿಂದ ಬರಬೇಕು? ರಾತ್ರಿ ಊಟ ಸ್ವಲ್ಪ ಬೇಗ ಮುಗಿಸಿ, ಹಗುರವಾಗಿ ಉಣ್ಣಿ. ಫೋನ್ ನೋಡುತ್ತಾ ಕುರುಕಲು ಮೆಲ್ಲುವುದನ್ನು ಬಿಡಿ. ಕೆಲವು ದಿನ ಹೀಗೆ ಮಾಡಿದರೆ ಹಸಿವು ಹೆಚ್ಚಾಗಿ ತಾನಾಗಿಯೇ ಬರುತ್ತದೆ.

ರಾತ್ರಿ ಊಟಕ್ಕೂ ಬೆಳಗಿನ ತಿಂಡಿಗೂ ನಡುವೆ 10–12 ಗಂಟೆ ಹೋಗಿರುತ್ತದೆ. ನಾವು ಮಲಗಿದರೂ ಮಿದುಳು ಮಲಗುವುದಿಲ್ಲ. ದಿನವೊಂದಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಅದೊಂದಕ್ಕೇ ಬೇಕು. ರಾತ್ರಿ ಹೊತ್ತು ಇದನ್ನು ಪೂರೈಸುವುದು ಲಿವರ್‌ನಲ್ಲಿ ಕೂಡಿಟ್ಟ ದಾಸ್ತಾನು. ಬೆಳಗಾಗುವಾಗ ಅದು ಸಾಕಷ್ಟು ಕರಗಿರುತ್ತದೆ. ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ. ಮಕ್ಕಳ ದಾಸ್ತಾನು ಚಿಕ್ಕದು, ಮಿದುಳಿನ ಖರ್ಚು ಮಾತ್ರ ಮೈಗೆ ಹೋಲಿಸಿದರೆ ಜಾಸ್ತಿ. ಖಾಲಿ ಹೊಟ್ಟೆಯಲ್ಲಿ ಶಾಲೆಗೆ ಹೋದ ಮಗು ಪಾಠದ ಮೇಲೆ ಗಮನ ಇಡುವುದು ಕಷ್ಟ. ಅದನ್ನು ಸೋಮಾರಿ ಅಂತ ಬೈಯುವ ಮುಂಚೆ ಏನು ತಿಂದು ಹೋಗಿತ್ತು ಅಂತ ಕೇಳಿ.

ಆದರೆ ಏನೋ ಒಂದು ತಿಂದರೆ ಆಯ್ತು ಅನ್ನುವ ಹಾಗೂ ಇಲ್ಲ. ಸಕ್ಕರೆ ಸುರಿದ ಬಣ್ಣದ ಡಬ್ಬಿ ತಿಂಡಿ, ಬಿಸ್ಕತ್ತು, ಸೋಸಿದ ಹಣ್ಣಿನ ರಸ ಇವೆಲ್ಲ ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುತ್ತವೆ. ಅದು ಇಳಿದಾಗ ಮತ್ತೆ ಹಸಿವು, ಜೊತೆಗೆ ಸುಸ್ತು. ಒಣ ಹುಲ್ಲು ಭಗ್ಗನೆ ಹೊತ್ತಿ ಆರುವುದಕ್ಕೂ ಒಣ ಕೊರಡು ನಿಧಾನವಾಗಿ ಉರಿಯುವುದಕ್ಕೂ ಇರುವ ವ್ಯತ್ಯಾಸ ಇದು. ಹಣ್ಣನ್ನು ಹಿಂಡದೆ ಹಾಗೇ ತಿನ್ನಿ, ನಾರಿನಂಶ ಉಳಿಯುತ್ತದೆ.

ನಾನು ನೋಡಿದ ಮಟ್ಟಿಗೆ, ಬೆಳಗಿನ ತಟ್ಟೆಯಲ್ಲಿ ಕಮ್ಮಿ ಬೀಳುವುದು ಪ್ರೋಟೀನ್. ಆರೋಗ್ಯವಂತರಿಗೆ ದಿನಕ್ಕೆ ಮೈತೂಕದ ಒಂದು ಕಿಲೋಗೆ ಸುಮಾರು 0.8 ಗ್ರಾಂ ಬೇಕು. ಅಂದರೆ 60 ಕಿಲೋ ಇರುವವರಿಗೆ 48 ಗ್ರಾಂ. ಇದನ್ನೆಲ್ಲ ರಾತ್ರಿ ಊಟಕ್ಕೆ ಉಳಿಸಿಕೊಳ್ಳಬೇಡಿ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಮ್ಮಿ ಅಷ್ಟೇ. ಮೊಟ್ಟೆ ತಿನ್ನದವರಿಗೆ ಕಾಳು, ಮೊಸರು, ಕಡಲೆಕಾಯಿ ಇದ್ದೇ ಇವೆ. ಪ್ರೋಟೀನ್ ಇದ್ದರೆ ಹೊಟ್ಟೆ ಬೇಗ ಖಾಲಿಯಾಗುವುದಿಲ್ಲ, ಹನ್ನೊಂದು ಗಂಟೆಗೆ ಕೈ ಕುರುಕಲಿನ ಡಬ್ಬಿಯತ್ತ ಹೋಗುವುದಿಲ್ಲ. ವಯಸ್ಸಾದವರಿಗಂತೂ ಇದು ಮುಖ್ಯ. ನಮ್ಮ ಸ್ನಾಯು ಸವೆಯುತ್ತಾ ಹೋಗುತ್ತದೆ, ಹಸಿವೂ ಕಮ್ಮಿ. ಬರೀ ಕಾಫಿ ಕುಡಿದು ಮಧ್ಯಾಹ್ನದವರೆಗೆ ಕೂರುವುದು ನಮ್ಮ ವಯಸ್ಸಿಗೆ ಸರಿಯಲ್ಲ.

ಕಾಫಿ, ಟೀ ಬಗ್ಗೆ ಇನ್ನೊಂದು ಮಾತು. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ಮೈಗೆ ಸರಿಯಾಗಿ ಸೇರಲು ಇವು ಬಿಡುವುದಿಲ್ಲ. ರಕ್ತ ಕಮ್ಮಿ ಇರುವವರು ತಿಂಡಿಗೂ ಟೀಗೂ ಒಂದು ಗಂಟೆ ಅಂತರ ಇಡಿ. ತಿಂಡಿಯ ಮೇಲೆ ನಿಂಬೆರಸ ಹಿಂಡಿಕೊಂಡರೆ ಅದರ ವಿಟಮಿನ್ ಸಿ ಕಬ್ಬಿಣಾಂಶವನ್ನು ಹೀರಿಕೊಳ್ಳಲು ನೆರವಾಗುತ್ತದೆ.

"ಬೆಳಿಗ್ಗೆ ಟೈಮ್ ಎಲ್ಲಿದೆ?" ಅಂತೀರಿ. ಅದಕ್ಕೇ ರಾತ್ರಿ ಪಾತ್ರೆ ತೊಳೆದಾದ ಮೇಲೆ ಹತ್ತು ನಿಮಿಷ ಕೊಡಿ. ಕಾಳು ನೆನೆಹಾಕಿ. ಮೊಟ್ಟೆ ಬೇಯಿಸಿ ಸಿಪ್ಪೆ ಸಮೇತ ಫ್ರಿಜ್‌ನಲ್ಲಿಡಿ. ಮೊಳಕೆ ಕಾಳನ್ನು ಮಾತ್ರ ಚಿಕ್ಕ ಮಕ್ಕಳಿಗೆ, ಗರ್ಭಿಣಿಯರಿಗೆ, ವಯಸ್ಸಾದವರಿಗೆ ಹಸಿಯಾಗಿ ಕೊಡಬೇಡಿ. ಮೊಳಕೆ ಬರಿಸುವ ಬೆಚ್ಚಗಿನ ತೇವದಲ್ಲಿ ಬ್ಯಾಕ್ಟೀರಿಯಾವೂ ಬೆಳೆಯುತ್ತದೆ. ಚೆನ್ನಾಗಿ ಬೇಯಿಸಿಯೇ ಕೊಡಿ.

ಮಲಬದ್ಧತೆ ಇರುವವರಿಗೆ ಬೆಳಗಿನ ತಿಂಡಿಯಿಂದ ಇನ್ನೊಂದು ಲಾಭ ಇದೆ. ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ. ಎದ್ದು ನೀರು ಕುಡಿದು, ತಿಂಡಿ ತಿಂದು, ಅವಸರವಿಲ್ಲದೆ ಸ್ವಲ್ಪ ಹೊತ್ತು ಬಿಡುವು ಮಾಡಿಕೊಳ್ಳಿ. ಮಾತ್ರೆ, ಪುಡಿ ನುಂಗುವ ಮುಂಚೆ ಇದನ್ನು ಮಾಡಿ ನೋಡಬಹುದು, ಅಲ್ವಾ?

ತಿಂಡಿ ತಿಂದರೆ ತೂಕ ಇಳಿಯುತ್ತದೆ ಅಂತ ಹೇಳುವವರ ಮಾತನ್ನು ಸುಮ್ನೆ ನಂಬಬೇಡಿ. ಇಡೀ ದಿನ ಎಷ್ಟು ತಿಂದಿರಿ ಅನ್ನುವುದೇ ಅಲ್ಲಿ ಲೆಕ್ಕ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಕೆಲವು ಬಗೆಯ ಮಾತ್ರೆ ನುಂಗುವವರು ತಿಂಡಿ ತಪ್ಪಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಉಪವಾಸ ಮಾಡುವ ಮುಂಚೆ ಡಾಕ್ಟರನ್ನು ಕೇಳಿ. ಥೈರಾಯ್ಡ್ ಮಾತ್ರೆಯದು ಬೇರೆ ಕಥೆ. ಅದನ್ನು ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಿ, ಅರ್ಧದಿಂದ ಒಂದು ಗಂಟೆ ಬಿಟ್ಟು ತಿಂಡಿ ತಿನ್ನಬೇಕು. ಕಾಫಿಯೂ ಆಮೇಲೆಯೇ. ಸ್ನಾನ, ಪೇಪರ್ ಓದುವುದು ಆ ಹೊತ್ತಿನಲ್ಲಿ ಮುಗಿಸಿಕೊಳ್ಳಿ.