ತೊಗರಿ ಧಾರಣೆ ತಾನಾಗಿ ಗ್ರೂಪಿಗೆ ಬರಲಿ: ಕೋಡ್ ಬರೆಯದೆ ಜೋಡಿಸುವುದು ಹೇಗೆ?

ತೊಗರಿ ರಾಶಿ ಶುರುವಾಯಿತೆಂದರೆ ಕಲಬುರಗಿ ಜಿಲ್ಲೆಯ ರೈತರ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ: ಇವತ್ತು ಗಂಜಿನಲ್ಲಿ (ಎಪಿಎಂಸಿ ಮಾರುಕಟ್ಟೆಯಲ್ಲಿ) ಧಾರಣೆ ಎಷ್ಟು? ಒಬ್ಬರು ಅಡತಿ ಅಂಗಡಿಯಲ್ಲಿ ಕೇಳಿದ್ದನ್ನು ಹಾಕುತ್ತಾರೆ. ಇನ್ನೊಬ್ಬರು ಎಲ್ಲಿಂದಲೋ ಬಂದ ಫೋಟೊ ಫಾರ್ವರ್ಡ್ ಮಾಡುತ್ತಾರೆ. ಯಾವುದು ಇವತ್ತಿನದು, ಯಾವುದು ಹಳೇದು ಅಂತ ಗೊತ್ತಾಗುವುದಿಲ್ಲ. ಆಳಂದದಿಂದಲೋ ಅಫಜಲಪುರದಿಂದಲೋ ಗಾಡಿ ಬಾಡಿಗೆ ಕೊಟ್ಟು ಮಾಲು ತರುವವರಿಗೆ ಇದು ಸಣ್ಣ ವಿಷಯ ಅಲ್ಲ.

ಅಧಿಕೃತ ಬೆಲೆಯೇನೋ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಕೇಂದ್ರದ ಅಗ್‌ಮಾರ್ಕ್‌ನೆಟ್, ರಾಜ್ಯದ ಕೃಷಿ ಮಾರಾಟ ವಾಹಿನಿ ಎರಡರಲ್ಲೂ ಮಾರುಕಟ್ಟೆವಾರು ಆವಕ (ಬಂದ ಮಾಲು ಎಷ್ಟು), ಕನಿಷ್ಠ, ಗರಿಷ್ಠ, ಮಾದರಿ ಬೆಲೆ (ಹೆಚ್ಚಿನ ಮಾಲು ಹೋದ ಬೆಲೆ) ಇರುತ್ತವೆ. ಅದನ್ನು ಎತ್ತಿಕೊಂಡು ಗ್ರೂಪಿಗೆ ಹಾಕುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು. ಒಂದು ಸಾಲು ಕೋಡ್ ಬರೆಯಬೇಕಾಗಿಲ್ಲ. ಜೋಡಿಸುವುದು ಅರ್ಧ ದಿನದ ಕೆಲಸ. ತಪ್ಪು ಬೆಲೆ ಗ್ರೂಪಿಗೆ ಹೋಗದ ಹಾಗೆ ತಡೆಯುವುದೇ ನಿಜವಾದ ಕೆಲಸ. ಹಾಗಾಗಿ ಈ ಲೇಖನದಲ್ಲೂ ಅದಕ್ಕೇ ಜಾಸ್ತಿ ಜಾಗ.

ಮೊದಲು ಗ್ರೂಪು

ಇದಕ್ಕೆ ಟೆಲಿಗ್ರಾಂ ಒಳ್ಳೆಯದು. ನಮ್ಮ ಕಡೆ ಎಲ್ಲರೂ ವಾಟ್ಸ್‌ಆ್ಯಪ್‌ನಲ್ಲೇ ಇರುತ್ತಾರೆ, ನಿಜ. ಆದರೆ ಸಾಮಾನ್ಯ ವಾಟ್ಸ್‌ಆ್ಯಪ್ ಗ್ರೂಪಿಗೆ ತಾನಾಗಿ ಸಂದೇಶ ಕಳಿಸಲು ಸುಲಭದ ಅಧಿಕೃತ ದಾರಿ ಇಲ್ಲ. ಅಡ್ಡದಾರಿಯ ಆ್ಯಪ್‌ಗಳನ್ನು ನಂಬಿದರೆ ನಂಬರೇ ಬ್ಲಾಕ್ ಆಗಬಹುದು. ಟೆಲಿಗ್ರಾಂನಲ್ಲಿ ಬಾಟ್, ಅಂದರೆ ತಾನಾಗಿ ಸಂದೇಶ ಕಳಿಸುವ ಖಾತೆ, ಮಾಡಲು ಕಂಪನಿಯೇ ಅವಕಾಶ ಕೊಟ್ಟಿದೆ, ದುಡ್ಡೂ ಇಲ್ಲ.

ಟೆಲಿಗ್ರಾಂನಲ್ಲಿ ಬಾಟ್‌ಫಾದರ್ ಅಂತ ಹುಡುಕಿ. ಹೊಸ ಬಾಟ್ ಮಾಡಿಕೊಡುವುದು ಇದೇ. ಹೆಸರಿನ ಪಕ್ಕ ನೀಲಿ ಗುರುತು ಇರುವುದನ್ನೇ ತೆರೆಯಿರಿ. ಹೊಸ ಬಾಟ್ ಬೇಕೆಂದು ಹೇಳಿದರೆ ಅದು ಹೆಸರು ಕೇಳುತ್ತದೆ, ಆಮೇಲೆ ಯೂಸರ್‌ನೇಮ್ ಕೇಳುತ್ತದೆ. ಯೂಸರ್‌ನೇಮ್ ಕೊನೆಯಲ್ಲಿ ‘ಬಾಟ್’ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಇರಲೇಬೇಕು. ಕೊನೆಗೆ ಒಂದು ಉದ್ದನೆಯ ಟೋಕನ್ ಸಿಗುತ್ತದೆ. ಅದು ಪಾಸ್‌ವರ್ಡ್ ಇದ್ದ ಹಾಗೆ. ಅದು ಯಾರ ಕೈಗೆ ಸಿಕ್ಕರೂ ಅವರು ನಿಮ್ಮ ಬಾಟ್ ಹೆಸರಲ್ಲಿ ಬೇಕಾದ್ದು ಬರೆಯಬಹುದು. ಗ್ರೂಪಿನಲ್ಲಿ, ಸ್ಕ್ರೀನ್‌ಶಾಟ್‌ನಲ್ಲಿ ಎಲ್ಲೂ ಹಾಕಬೇಡಿ. ಸೋರಿಹೋಯಿತು ಅನಿಸಿದರೆ ಬಾಟ್‌ಫಾದರ್‌ನಲ್ಲೇ ಹಳೇ ಟೋಕನ್ ರದ್ದು ಮಾಡಿ ಹೊಸದು ಪಡೆಯಿರಿ.

ಈಗ ಬಾಟನ್ನು ಗ್ರೂಪಿಗೆ ಸೇರಿಸಿ. ಹಾಗೆಯೇ ಅದನ್ನು ನೀವೊಬ್ಬರೇ ತೆರೆದು ಒಂದು ಸಲ ‘ಸ್ಟಾರ್ಟ್’ ಒತ್ತಿ. ಇಲ್ಲದಿದ್ದರೆ ಅದು ನಿಮಗೆ ಖಾಸಗಿ ಸಂದೇಶ ಕಳಿಸಲಾಗದು. ಅದು ಯಾಕೆ ಬೇಕು ಅಂತ ಮುಂದೆ ಹೇಳುತ್ತೇನೆ.

ಸಹಕಾರ ಸಂಘ, ಎಫ್‌ಪಿಒ (ರೈತ ಉತ್ಪಾದಕ ಸಂಸ್ಥೆ) ಥರ ಇಮೇಲ್‌ನಲ್ಲೇ ವ್ಯವಹಾರ ಮಾಡುವವರಿಗೆ ಗೂಗಲ್ ಗ್ರೂಪ್ಸ್ ಸಾಕು. ಅದಕ್ಕೆ ಬಾಟ್ ಬೇಡ. ಗ್ರೂಪಿನ ವಿಳಾಸಕ್ಕೆ ಇಮೇಲ್ ಹೋದರೆ ಸದಸ್ಯರಿಗೆಲ್ಲ ತಲುಪುತ್ತದೆ. ಕಳಿಸುವ ಖಾತೆಗೆ ಪೋಸ್ಟ್ ಮಾಡುವ ಅನುಮತಿ ಇರಬೇಕು, ಅಷ್ಟೇ.

ಬೆಲೆ ಎತ್ತಿಕೊಳ್ಳುವ ಸ್ಕ್ರೇಪರ್

ಸ್ಕ್ರೇಪರ್ ಎಂದರೆ ವೆಬ್ ಪುಟ ತೆರೆದು, ನೀವು ತೋರಿಸಿದ ಜಾಗದ ಅಕ್ಷರ, ಅಂಕಿಗಳನ್ನು ಎತ್ತಿಕೊಂಡು ಬರುವ ಸಾಧನ. ಬ್ರೌಸ್ ಎಐ ಥರದ ಸೇವೆಯಲ್ಲಿ ಮೌಸ್‌ನಿಂದ ಕ್ಲಿಕ್ ಮಾಡಿ ತೋರಿಸಿದರೆ ಸಾಕು. ಬೆಲೆಯ ಪುಟ ತೆರೆಯಿರಿ, ತೊಗರಿ ಆರಿಸಿ, ಕಲಬುರಗಿ ಮಾರುಕಟ್ಟೆ ಆರಿಸಿ, ಬಂದ ಸಾಲಿನಲ್ಲಿ ದಿನಾಂಕ, ತಳಿ, ಆವಕ ಮತ್ತು ಮೂರು ಬೆಲೆಗಳನ್ನು ಗುರುತು ಮಾಡಿ. ಮಾರುಕಟ್ಟೆಯ ಹೆಸರನ್ನೂ ಗುರುತು ಮಾಡಲು ಮರೆಯಬೇಡಿ.

ಇಡೀ ರಾಜ್ಯದ ಪಟ್ಟಿ ತಂದು ಆಮೇಲೆ ಸೋಸೋಣ ಅನ್ನಬೇಡಿ. ಮುಂದಿನ ಹಂತದಲ್ಲಿ ಬರುವ ಕೊಂಡಿ ಸೇವೆಯಲ್ಲಿ ಒಂದೊಂದು ಸಾಲಿಗೂ ಲೆಕ್ಕ ಹಿಡಿಯುತ್ತಾರೆ. ಮುನ್ನೂರು ಸಾಲು ತಂದರೆ ಉಚಿತ ಮಿತಿ ಕೆಲವೇ ದಿನಕ್ಕೆ ಮುಗಿದುಹೋಗುತ್ತದೆ. ಬೇಕಾದ ಸಾಲು ಮಾತ್ರ ತನ್ನಿ.

ಸ್ಕ್ರೇಪ್ ಮಾಡುವ ಮೊದಲು ಆ ತಾಣದ ಷರತ್ತುಗಳನ್ನೂ, ಯಂತ್ರಗಳಿಗೆ ಎಲ್ಲಿ ಪ್ರವೇಶವಿದೆ ಎಂದು ತಿಳಿಸುವ ರೋಬಾಟ್ಸ್ ಫೈಲನ್ನೂ ನೋಡಿ. ದಿನಕ್ಕೆ ಒಂದೆರಡು ಸಲ ಸಾಕು, ನಿಮಿಷಕ್ಕೊಮ್ಮೆ ಬಾಗಿಲು ಬಡಿಯಬೇಡಿ. ಇನ್ನೂ ಒಳ್ಳೆಯ ದಾರಿ ಇದೆ. ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ಹೆಸರು ನೋಂದಾಯಿಸಿದರೆ ಉಚಿತ ಎಪಿಐ ಕೀ (ಯಂತ್ರ ನೇರವಾಗಿ ದತ್ತಾಂಶ ಪಡೆಯಲು ಬೇಕಾದ ಕೀಲಿ) ಕೊಡುತ್ತಾರೆ. ಅಗ್‌ಮಾರ್ಕ್‌ನೆಟ್‌ನ ದಿನದ ಬೆಲೆಗಳು ಅಲ್ಲಿ ಯಂತ್ರ ಓದುವ ರೂಪದಲ್ಲೇ ಸಿಗುತ್ತವೆ. ಆ ದಾರಿ ಹಿಡಿದರೆ ಪುಟದ ವಿನ್ಯಾಸ ಬದಲಾದರೂ ನಿಮ್ಮ ಜೋಡಣೆ ಕೆಡುವುದಿಲ್ಲ. ಸಾಧ್ಯವಿದ್ದವರು ಇದನ್ನೇ ಬಳಸಿ.

ನಡುವಿನ ಕೊಂಡಿ

ಸ್ಕ್ರೇಪರ್ ತಂದದ್ದನ್ನು ಟೆಲಿಗ್ರಾಂಗೆ ದಾಟಿಸುವ ಕೊಂಡಿ ಹಾಕಲು ಮೇಕ್ ಎಂಬ ಸೇವೆ ಇದೆ. ಝೇಪಿಯರ್, ಎನ್‌8ಎನ್ ಕೂಡ ಇದೇ ಕೆಲಸ ಮಾಡುತ್ತವೆ. ಮೇಕ್‌ನ ಉಚಿತ ಖಾತೆಯಲ್ಲಿ ತಿಂಗಳಿಗೆ 1,000 ಕ್ರೆಡಿಟ್ ಸಿಗುತ್ತದೆ. ಯಂತ್ರ ಮಾಡುವ ಕೆಲಸದ ಲೆಕ್ಕವೇ ಕ್ರೆಡಿಟ್. ದಿನಕ್ಕೆ ಒಂದು ಸಂದೇಶಕ್ಕೆ ಅದು ಧಾರಾಳ.

ಹೊಸ ಸಿನಾರಿಯೊ (ಕೆಲಸಗಳ ಸರಪಳಿ) ತೆರೆದು ಮೊದಲ ಮಾಡ್ಯೂಲ್ (ಸರಪಳಿಯ ಒಂದು ಹಂತ) ಆಗಿ ಸ್ಕ್ರೇಪರ್ ಆರಿಸಿ. ಅದರ ಕೆಲಸ ಮುಗಿದ ಸುದ್ದಿ ಬಂದ ಕೂಡಲೇ ಮೇಕ್ ತನ್ನ ಕೆಲಸ ಶುರು ಮಾಡುತ್ತದೆ. ಕೊನೆಯ ಮಾಡ್ಯೂಲ್ ಟೆಲಿಗ್ರಾಂ ಬಾಟ್. ಅಲ್ಲಿ ಟೋಕನ್ ಹಾಕಿ, ಗ್ರೂಪಿನ ಐಡಿ ಕೊಡಿ. ಗ್ರೂಪ್ ಐಡಿ ಮೈನಸ್ ಗುರುತಿನಿಂದ ಶುರುವಾಗುತ್ತದೆ, ಆ ಮೈನಸ್ ಬಿಟ್ಟರೆ ಸಂದೇಶ ಹೋಗುವುದಿಲ್ಲ. ಸಾಮಾನ್ಯ ಗ್ರೂಪು ಸೂಪರ್‌ಗ್ರೂಪ್ (ಟೆಲಿಗ್ರಾಂನ ದೊಡ್ಡ ಥರದ ಗ್ರೂಪು) ಆಗಿ ಬದಲಾದರೆ ಐಡಿಯೂ ಬದಲಾಗುತ್ತದೆ. ಚೆನ್ನಾಗಿ ನಡೆಯುತ್ತಿದ್ದದ್ದು ಒಂದು ದಿನ ಸುಮ್ನೆ ನಿಂತುಹೋದರೆ ಮೊದಲು ಇದನ್ನೇ ನೋಡಿ.

ತಪ್ಪು ಬೆಲೆಗೆ ತಡೆ

ಎರಡು ಮಾಡ್ಯೂಲ್‌ಗಳ ನಡುವಿನ ಗೆರೆಯ ಮೇಲೆ ಕ್ಲಿಕ್ ಮಾಡಿದರೆ ಫಿಲ್ಟರ್, ಅಂದರೆ ಷರತ್ತಿಗೆ ಹೊಂದಿದ್ದನ್ನು ಮಾತ್ರ ಮುಂದೆ ಬಿಡುವ ತಡೆ, ಹಾಕಬಹುದು. ಇದಕ್ಕೆ ಕ್ರೆಡಿಟ್ ಖರ್ಚಾಗುವುದಿಲ್ಲ. ಈ ಹಂತವನ್ನು ದಯವಿಟ್ಟು ಬಿಡಬೇಡಿ.

ಮೊದಲ ಫಿಲ್ಟರ್ ದಿನಾಂಕದ್ದು. ಭಾನುವಾರ, ಹಬ್ಬದ ದಿನ ಗಂಜು ಮುಚ್ಚಿದ್ದರೂ ಪುಟದಲ್ಲಿ ಹಿಂದಿನ ದಿನದ ಸಾಲು ಹಾಗೇ ಇರಬಹುದು. ಸಾಲಿನ ದಿನಾಂಕ ಇವತ್ತಿನದಾಗಿದ್ದರೆ ಮಾತ್ರ ಮುಂದೆ ಬಿಡಿ. ದಿನಾಂಕ ಬರೆಯುವ ಕ್ರಮ ಎರಡೂ ಕಡೆ ಒಂದೇ ಇರಬೇಕು. ಮೇಕ್ ಖಾತೆಯ ಸಮಯ ವಲಯ ಭಾರತದ್ದೇ ಇದೆಯಾ ಅಂತಲೂ ನೋಡಿಕೊಳ್ಳಿ.

ಎರಡನೆಯದು ಅಂಕಿಗಳದ್ದು. ಮಾದರಿ ಬೆಲೆ ಯಾವಾಗಲೂ ಕನಿಷ್ಠ, ಗರಿಷ್ಠ ಬೆಲೆಗಳ ನಡುವೆಯೇ ಇರಬೇಕು, ಅಲ್ವಾ? ಒಂದು ಉದಾಹರಣೆ ನೋಡಿ. ಆವಕ 1,250, ಕನಿಷ್ಠ 7,000, ಗರಿಷ್ಠ 7,900, ಮಾದರಿ 7,600 ಎಂದು ಇಟ್ಟುಕೊಳ್ಳಿ. ತಾಣದವರು ನಡುವೆ ಒಂದು ಕಾಲಂ ಹೊಸದಾಗಿ ಸೇರಿಸಿದರು. ಸ್ಕ್ರೇಪರ್‌ಗೆ ಅದು ಗೊತ್ತಿಲ್ಲ. ಅದು ಒಂದು ಮನೆ ಜಾರಿ, 1,250 ಅನ್ನು ಕನಿಷ್ಠ, 7,000 ಅನ್ನು ಗರಿಷ್ಠ, 7,900 ಅನ್ನು ಮಾದರಿ ಎಂದು ತರುತ್ತದೆ. ‘ಕನಿಷ್ಠ ಧಾರಣೆ 1,250’ ಅಂತ ಗ್ರೂಪಿನಲ್ಲಿ ಬಿದ್ದರೆ ಎಷ್ಟು ಗಾಬರಿ ಆಗುತ್ತದೆ ಯೋಚಿಸಿ. ಆದರೆ ಮಾದರಿ 7,900 ಗರಿಷ್ಠ 7,000 ಅನ್ನು ಮೀರಿದೆ. ಫಿಲ್ಟರ್ ಅಲ್ಲೇ ತಡೆಯುತ್ತದೆ. ಹೋಲಿಸುವ ಮೊದಲು ಅಂಕಿಯೊಳಗಿನ ಅಲ್ಪವಿರಾಮ ತೆಗೆಸಿ, ಸಂಖ್ಯೆಯಾಗಿ ಹೋಲಿಸಲು ಹೇಳಿ. ಪಠ್ಯ ಅಂದುಕೊಂಡು ಹೋಲಿಸಿದರೆ 9,500 ಎಂಬುದು 10,200ಕ್ಕಿಂತ ದೊಡ್ಡದಾಗಿಬಿಡುತ್ತದೆ.

ಫಿಲ್ಟರ್ ತಡೆದ ಸಾಲುಗಳನ್ನು ರೌಟರ್ (ಸರಪಳಿಯನ್ನು ಕವಲೊಡೆಸುವ ಮಾಡ್ಯೂಲ್) ಮೂಲಕ ಇನ್ನೊಂದು ದಾರಿಗೆ ಹಾಕಿ, ನಿಮಗೊಬ್ಬರಿಗೇ ಸಂದೇಶ ಬರುವಂತೆ ಮಾಡಿ. ಆಗ ‘ಸ್ಟಾರ್ಟ್’ ಒತ್ತಿಸಿದ್ದು ಇದಕ್ಕೇ. ಗ್ರೂಪಿನಲ್ಲಿ ತಪ್ಪು ಬೆಲೆ ಬರುವುದಕ್ಕಿಂತ ಒಂದು ದಿನ ಏನೂ ಬಾರದಿರುವುದೇ ವಾಸಿ.

ಸಂದೇಶ ಹೀಗಿರಲಿ

ಮೊದಲ ಸಾಲಿನಲ್ಲಿ ಮಾರುಕಟ್ಟೆ ಮತ್ತು ದಿನಾಂಕ. ಆಮೇಲೆ ತಳಿ, ಆವಕ, ಕನಿಷ್ಠ, ಗರಿಷ್ಠ, ಮಾದರಿ. ಕೊನೆಗೆ ಮೂಲ ಯಾವುದು ಎಂಬುದು. ‘ಕ್ವಿಂಟಲ್‌ಗೆ ರೂಪಾಯಿ’ ಎಂಬ ಮಾತು ಇರಲೇಬೇಕು. ಗರಿಷ್ಠ ಬೆಲೆಯನ್ನು ಮೇಲೆ ದಪ್ಪಕ್ಷರದಲ್ಲಿ ಹಾಕುವ ಆಸೆ ಬೇಡ. ಅದು ಒಂದೋ ಎರಡೋ ಒಳ್ಳೆಯ ಲಾಟಿಗೆ ಸಿಕ್ಕ ಬೆಲೆ ಇರಬಹುದು. ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯಿತು ಎಂದು ಹೇಳುವುದು ಮಾದರಿ ಬೆಲೆ. ಮಾಲು ತರಬೇಕೋ ಬೇಡವೋ ಎಂದು ಲೆಕ್ಕ ಹಾಕುವ ರೈತನಿಗೆ ಬೇಕಾದದ್ದು ಅದೇ. ಜೊತೆಗೆ ಬೆಂಬಲ ಬೆಲೆಯ ಸಾಲೊಂದು ಇದ್ದರೆ ಹೋಲಿಸಲು ಸುಲಭ. 2025-26ರ ಹಂಗಾಮಿಗೆ ತೊಗರಿಗೆ ಅದು ಕ್ವಿಂಟಲ್‌ಗೆ 8,000 ರೂಪಾಯಿ. ಇದನ್ನು ವರ್ಷಕ್ಕೊಮ್ಮೆ ನೀವೇ ಬದಲಿಸಬೇಕು.

ಶುರು ಮಾಡುವ ಮುನ್ನ

ನೇರವಾಗಿ ದೊಡ್ಡ ಗ್ರೂಪಿಗೆ ಬಿಡಬೇಡಿ. ಇಬ್ಬರು ಮೂವರ ಸಣ್ಣ ಗ್ರೂಪು ಮಾಡಿ, ಒಂದು ವಾರ ಅಲ್ಲಿ ನಡೆಸಿ. ದಿನಾ ಬಂದ ಸಂದೇಶವನ್ನು ಮೂಲ ಪುಟದ ಜೊತೆ ಒತ್ತಟ್ಟಿಗೆ ಇಟ್ಟು ನೋಡಿ. ತಾಣದಲ್ಲಿ ಬೆಲೆ ಎಷ್ಟು ಹೊತ್ತಿಗೆ ಏರುತ್ತದೆ ಎಂಬುದೂ ಆಗ ತಿಳಿಯುತ್ತದೆ. ಸ್ಕ್ರೇಪರ್ ಓಡುವ ಸಮಯವನ್ನು ಅದಾದ ಮೇಲಕ್ಕೆ ಇಡಿ. ಬೆಲೆ ತಡವಾಗುವ ದಿನಗಳಿಗೆಂದು ಸಂಜೆ ಎರಡು ಸಲ ಓಡಿಸುವುದಾದರೆ ಮೇಕ್‌ನ ಡೇಟಾ ಸ್ಟೋರ್‌ನಲ್ಲಿ (ಮಾಹಿತಿ ಬರೆದಿಡುವ ಜಾಗದಲ್ಲಿ) ಮಾರುಕಟ್ಟೆ, ತಳಿ, ದಿನಾಂಕ ಮೂರನ್ನೂ ಕೂಡಿಸಿ ಬರೆದಿಡಿಸಿ. ಅದು ಆಗಲೇ ಇದ್ದರೆ ಎರಡನೇ ಸಲ ಸಂದೇಶ ಹೋಗದಂತೆ ಇನ್ನೊಂದು ಫಿಲ್ಟರ್ ಹಾಕಿ.

ಮುಂದೆ ಸೇಡಂ, ಯಾದಗಿರಿ ಮಾರುಕಟ್ಟೆಗಳನ್ನೂ ಸೇರಿಸಬೇಕೆಂದರೆ ಹೊಸ ಸಿನಾರಿಯೊ ಬೇಡ. ಸ್ಕ್ರೇಪರ್‌ನಲ್ಲಿ ಆ ಸಾಲುಗಳನ್ನೂ ಗುರುತು ಮಾಡಿ, ಎಲ್ಲವನ್ನೂ ಒಂದೇ ಸಂದೇಶವಾಗಿ ಕೂಡಿಸುವ ಟೆಕ್ಸ್ಟ್ ಅಗ್ರಿಗೇಟರ್ ಮಾಡ್ಯೂಲನ್ನು ಟೆಲಿಗ್ರಾಂಗೆ ಮೊದಲು ಇಡಿ. ಮೂರು ಮಾರುಕಟ್ಟೆಯ ಧಾರಣೆ ಸಂಜೆಗೆ ಒಂದೇ ಸಂದೇಶದಲ್ಲಿ ಬರುತ್ತದೆ.