ಏಳು ಸುತ್ತಿನ ಕೋಟೆಯಲ್ಲಿ ಫೈಟರ್‌ಗೂ ವಿಜಾರ್ಡ್‌ಗೂ ಸಮಪಾಲು

ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ, ದಾಳ ಉರುಳಿಸಿ ಪಾತ್ರವಾಗಿ ಆಡುವ ಕಥೆಯಾಟದ 5ನೇ ಆವೃತ್ತಿಯಲ್ಲಿ, ಅಂದರೆ 2014ರ ನಿಯಮದಲ್ಲಿ, 5ನೇ ಲೆವೆಲ್ ಮುಟ್ಟಿದ ಕೂಡಲೇ ಮಂತ್ರ ಹಾಕುವ ವಿಜಾರ್ಡ್ ಎದುರು ಆಯುಧ ಹಿಡಿದ ಫೈಟರ್ ಸಪ್ಪೆಯಾದ ಎಂಬ ದೂರು ಶುರುವಾಗುತ್ತದೆ. ಕ್ಲಾಸಿನ (ಫೈಟರ್, ವಿಜಾರ್ಡ್‌ನಂಥ ಪಾತ್ರವರ್ಗದ) ನಿಯಮಕ್ಕೆ ಕೈ ಹಾಕಬೇಡಿ. ಎರಡು ಲಾಂಗ್ ರೆಸ್ಟ್‌ಗಳ (ಖರ್ಚಾದ ಸ್ಪೆಲ್, ಜೀವಬಲ ಮರಳುವ ಎಂಟು ಗಂಟೆಯ ವಿಶ್ರಾಂತಿ) ನಡುವೆ ಎಷ್ಟು ಕಾಳಗ ಇಡುತ್ತಿದ್ದೀರಿ ಎಂದು ಮೊದಲು ಎಣಿಸಿ.

ಲೆಕ್ಕ ಹೀಗೆ. 5ನೇ ಲೆವೆಲ್ ಫೈಟರ್, ಸ್ಟ್ರೆಂತ್ 18, ಕೈಯಲ್ಲಿ ಗ್ರೇಟ್‌ಸೋರ್ಡ್. ಆರುಮುಖದ ಎರಡು ದಾಳಕ್ಕೆ ಸರಾಸರಿ 7, ಮೇಲೆ ಸ್ಟ್ರೆಂತ್‌ನ 4, ಒಟ್ಟು 11. ರೌಂಡಿಗೆ ಎರಡು ಏಟು. ನೂರಕ್ಕೆ 65 ತಗಲಿದರೆ ರೌಂಡಿಗೆ 14.3 ಡ್ಯಾಮೇಜ್ (ಪೆಟ್ಟಿನ ಅಂಕ). ವಿಜಾರ್ಡ್‌ನ ಬೆಂಕಿಯುಂಡೆಯ ಸ್ಪೆಲ್ (ಮಂತ್ರ) ಫೈರ್‌ಬಾಲ್‌ಗೆ ಎಂಟು ದಾಳ, ಸರಾಸರಿ 28. ಅರ್ಧದಷ್ಟು ಶತ್ರುಗಳು ಸೇವ್ ಮಾಡಿಕೊಂಡು (ದಾಳ ಹಾಕಿ ತಪ್ಪಿಸಿಕೊಂಡು) ಅರ್ಧ ಪೆಟ್ಟು ತಿಂದರೆ ತಲೆಗೆ 21, ಮೂವರು ಸಿಕ್ಕರೆ 63.

ದಿನಕ್ಕೆ ಮೂರು ರೌಂಡಿನ ಒಂದೇ ಕಾಳಗ ಇಟ್ಟಿರಿ ಎನ್ನಿ. ಆ್ಯಕ್ಷನ್ ಸರ್ಜ್ (ಒಂದು ರೆಸ್ಟ್‌ಗೆ ಒಮ್ಮೆ ಸಿಗುವ ಹೆಚ್ಚುವರಿ ದಾಳಿ) ಸೇರಿಸಿದರೂ ಫೈಟರ್‌ಗೆ ದಕ್ಕುವುದು 57. ವಿಜಾರ್ಡ್ ಎರಡು ಫೈರ್‌ಬಾಲ್, ಎಷ್ಟು ಸಲ ಬೇಕಾದರೂ ಹಾಕಬಹುದಾದ ಸಣ್ಣ ಸ್ಪೆಲ್ ಫೈರ್ ಬೋಲ್ಟ್ ಒಂದನ್ನು ಎಸೆದು 133 ಮಾಡುತ್ತಾನೆ. ಅದೇ ಆರು ಕಾಳಗ, ನಡುವೆ ಎರಡು ಶಾರ್ಟ್ ರೆಸ್ಟ್ (ಒಂದು ಗಂಟೆಯ ವಿಶ್ರಾಂತಿ) ಇಡಿ: ಫೈಟರ್ ಸುಮಾರು 300. ವಿಜಾರ್ಡ್‌ಗೆ ಶಾರ್ಟ್ ರೆಸ್ಟ್‌ನಲ್ಲಿ ಖರ್ಚಾದ ಸ್ಪೆಲ್ ಮರಳಿಸುವ ಆರ್ಕೇನ್ ರಿಕವರಿಯಿಂದ ಮರಳಿದ್ದೂ ಸೇರಿ ಮೂರು ಫೈರ್‌ಬಾಲ್, ಉಳಿದ 15 ರೌಂಡಿಗೆ ಫೈರ್ ಬೋಲ್ಟ್. ಅವನದ್ದೂ ಸುಮಾರು 296. ಸಣ್ಣ ಸ್ಲಾಟ್‌ಗಳು (ಕೆಳ ಮಟ್ಟದ ಸ್ಪೆಲ್ ಹಾಕಲು ದಿನಕ್ಕಿರುವ ಪಾಲು) ಅವನ ಜೀವ ಉಳಿಸಿಕೊಳ್ಳುವುದಕ್ಕೇ ಖರ್ಚಾಗುತ್ತವೆ.

ಚಿತ್ರದುರ್ಗದಲ್ಲಿ ಆಡಿಸುವವರಿಗೆ ಇದಕ್ಕೆ ಬೇಕಾದ ನಕ್ಷೆ ಕಣ್ಣೆದುರೇ ಇದೆ. ಕೋಟೆಗೆ ಏಳು ಸುತ್ತು. ಆರು ಸುತ್ತಿಗೆ ಒಂದೊಂದು ಕಾಳಗ ಇಟ್ಟು, ಒಂದು ಬಾಗಿಲನ್ನು ಮಾತಿನಲ್ಲೇ ತೆರೆಸಲು ಬಿಡಿ. ಎರಡನೆಯ ಮತ್ತು ನಾಲ್ಕನೆಯ ಸುತ್ತು ದಾಟಿದ ಮೇಲೆ ಹೊಂಡದ ದಡದಲ್ಲಿ ಒಂದೊಂದು ಗಂಟೆ ಶಾರ್ಟ್ ರೆಸ್ಟ್. ಎಂಟು ಗಂಟೆ ಮಲಗಿದರೆ ಕಾವಲು ಇಮ್ಮಡಿಯಾಗುತ್ತದೆ ಎಂದು ಮೊದಲೇ ಹೇಳಿಬಿಡಿ.

ಹೆಚ್ಚಿನವರು ಎಡವುವುದು ಇಲ್ಲೇ: ಭಾನುವಾರದ ಆಟ ಮುಗಿಯಿತು ಎಂದು ಪಾತ್ರಗಳಿಗೂ ಲಾಂಗ್ ರೆಸ್ಟ್ ಕೊಟ್ಟುಬಿಡುತ್ತಾರೆ. ಆರು ಕಾಳಗ ಒಂದು ಸಂಜೆಗೆ ಮುಗಿಯುವುದಿಲ್ಲ. ಉಳಿದ ಸ್ಲಾಟ್, ಹಿಟ್ ಪಾಯಿಂಟ್ (ಜೀವಬಲದ ಅಂಕ) ಬರೆದಿಟ್ಟು ಮುಂದಿನ ವಾರ ಅಲ್ಲಿಂದಲೇ ಶುರುಮಾಡಿ.

ಜಾಗವೂ ತಕ್ಕಡಿ ತೂಗುತ್ತದೆ. ಓಬವ್ವನ ಕಿಂಡಿಯಂಥ ಇಕ್ಕಟ್ಟಿನಲ್ಲಿ ಶತ್ರು ಒಬ್ಬೊಬ್ಬನಾಗಿ ನುಸುಳಿ ಬರಬೇಕು. 20 ಅಡಿ ತ್ರಿಜ್ಯದ ಫೈರ್‌ಬಾಲ್‌ಗೆ ಅಲ್ಲಿ ಸಿಗುವವರು ಕಡಿಮೆ. ಕಿಂಡಿಯ ಬಾಯಲ್ಲಿ ಒನಕೆ ಹಿಡಿದು ನಿಂತ ಫೈಟರ್‌ನದೇ ರಾಜ್ಯ. ಆದರೆ ಆರರಲ್ಲಿ ಎರಡು ಕಡೆ ಮಾತ್ರ ಹೀಗೆ ಮಾಡಿ, ಎಲ್ಲೆಡೆ ಮಾಡಿದರೆ ವಿಜಾರ್ಡ್ ಆಡುವವರಿಗೆ ಅನ್ಯಾಯ.

1ನೇ ಲೆವೆಲ್‌ನಲ್ಲಿ ಕಥೆ ತಿರುವುಮುರುವು. ವಿಜಾರ್ಡ್‌ಗೆ ಎರಡೇ ಸ್ಲಾಟ್, ಹಿಟ್ ಪಾಯಿಂಟ್ 6ರಿಂದ ಶುರು. ಆಗ ದಿನಕ್ಕೆ ಎರಡು ಮೂರು ಕಾಳಗ ಸಾಕು.

5ನೇ ಲೆವೆಲ್‌ನಿಂದಲೇ ಹಾರಲು ಬಿಡುವ ಫ್ಲೈ ಸ್ಪೆಲ್ ಸಿಗುವುದರಿಂದ ಗೋಡೆ ಹಾರುವವರಿರುತ್ತಾರೆ. ಬತೇರಿಗಳ ಮೇಲೆ ಬಿಲ್ಲುಗಾರರನ್ನು ನಿಲ್ಲಿಸಿ. ಬಾಣ ತಗಲಿದಾಗಲೆಲ್ಲ ಕಾನ್ಸಂಟ್ರೇಷನ್ (ಸ್ಪೆಲ್ ಕೆಡದಂತೆ ಹಿಡಿದಿಡುವ ಗಮನ) ಉಳಿಸಿಕೊಳ್ಳಲು ದಾಳ, ಬೋನಸ್ ಸೇರಿ ಕನಿಷ್ಠ 10 ಬೀಳಿಸಬೇಕು. 13ನೇ ಲೆವೆಲ್‌ನಲ್ಲಿ ಟೆಲಿಪೋರ್ಟ್ (ಕ್ಷಣದಲ್ಲಿ ಬೇರೆಡೆ ಸೇರಿಸುವ ಸ್ಪೆಲ್) ಬಂದರೆ ಏಳು ಸುತ್ತೂ ಲೆಕ್ಕಕ್ಕಿಲ್ಲ, ಡ್ಯಾಮೇಜ್ ಸೇರಿಸಿ ಅದನ್ನು ಸರಿದೂಗಿಸಲಾಗದು. ಆ ಹೊತ್ತಿಗೆ ಫೈಟರ್‌ಗೆ ಕಥೆಯೊಳಗಿನ ಅಧಿಕಾರ ಬೇಕು: ಅವನ ಮಾತಿಗೆ ಬಾಗಿಲು ತೆರೆಯುವ ಕಾವಲುಪಡೆ, ಕರೆದರೆ ಬರುವ ಇನ್ನೂರು ಆಳು.