ಪಿಕಲ್‌ಬಾಲ್ ಪ್ಯಾಡಲ್ ಕೊಳ್ಳುವ ಮೊದಲು ಕಿಚನ್ ಲೈನಿನಲ್ಲಿ ನಿಂತು ನೋಡಿ

ಪಿಕಲ್‌ಬಾಲ್ ಅಂದರೆ ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನು ಪ್ಯಾಡಲ್ ಎಂಬ ಚಪ್ಪಟೆ ಬ್ಯಾಟಿನಿಂದ ನೆಟ್ ದಾಟಿಸಿ ಆಡುವ ಆಟ. ಹೊಸದಾಗಿ ಇದನ್ನು ಹಚ್ಚಿಕೊಂಡವರು ಮೊದಲ ತಿಂಗಳು ಕೋರ್ಟಿನಲ್ಲಿ ಬಾಡಿಗೆಗೆ ಸಿಗುವ ಪ್ಯಾಡಲ್‌ನಲ್ಲಿ ಆಡುತ್ತಾರೆ. ಎರಡನೇ ತಿಂಗಳು ಅಂಗಡಿಗೆ ಹೋಗಿ 'ಒಳ್ಳೆ ಪವರ್ ಇರೋದು ಕೊಡಿ' ಎನ್ನುತ್ತಾರೆ. ಮೂರನೇ ತಿಂಗಳು ಅದೇ ಪ್ಯಾಡಲ್ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಬೆಲೆಗೆ ಮಾರಾಟಕ್ಕೆ ಬರುತ್ತದೆ. ನಾನು ಆಡುವ ಬೆಂಗಳೂರಿನ ಕೋರ್ಟಿನಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ದುಡ್ಡು ಹೋದರೆ ಹೋಯಿತು. ಕೆಲವರು ಮೊಣಕೈ ನೋವು ತಂದುಕೊಂಡು ಆಟವನ್ನೇ ಬಿಟ್ಟರಲ್ಲ, ಅದು ನನಗೆ ತುಂಬಾ ಬೇಜಾರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

1. ನಿಮ್ಮ ಆಟ ಯಾವುದು ಅಂತ ತಿಳಿದುಕೊಳ್ಳಿ

ಪಿಕಲ್‌ಬಾಲ್ ಕೋರ್ಟು 44 ಅಡಿ ಉದ್ದ, 20 ಅಡಿ ಅಗಲ. ಬ್ಯಾಡ್ಮಿಂಟನ್ ಡಬಲ್ಸ್ ಕೋರ್ಟಿನದೂ ಇದೇ ಅಳತೆ. ನೆಟ್‌ನಿಂದ ಎರಡೂ ಕಡೆ 7 ಅಡಿ ಜಾಗಕ್ಕೆ ಕಿಚನ್ ಅನ್ನುತ್ತಾರೆ, ಅದರ ಅಂಚಿನ ಗೆರೆಯೇ ಕಿಚನ್ ಲೈನ್. ಅದರೊಳಗೆ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆಯುವ ಹಾಗಿಲ್ಲ. ಹಾಗಾಗಿ ಡಬಲ್ಸ್ ಆಟ ಬಂದು ನಿಲ್ಲುವುದು ಕಿಚನ್ ಲೈನಿನ ಹತ್ತಿರವೇ. ನಾಲ್ಕು ಜನ ಎದುರುಬದುರು ನಿಂತು ಚೆಂಡನ್ನು ಮೆಲ್ಲಗೆ ದಾಟಿಸುತ್ತಾ, ಯಾರು ಮೊದಲು ಎತ್ತರಕ್ಕೆ ಕೊಡುತ್ತಾರೆ ಅಂತ ಕಾಯುತ್ತಾರೆ. ಆ ಮೆಲ್ಲನೆಯ ಹೊಡೆತವೇ ಡಿಂಕ್.

ನಮ್ಮಲ್ಲಿ ಹೆಚ್ಚಿನವರು ಬ್ಯಾಡ್ಮಿಂಟನ್‌ನಿಂದ ಬಂದವರು. ಅವರ ಮಣಿಕಟ್ಟು ಚುರುಕು, ಹೊಡೆತದ ವೇಗ ಅವರಿಗೆ ಆಗಲೇ ಇದೆ. ಟೆನಿಸ್‌ನಿಂದ ಬಂದವರಿಗೆ ಉದ್ದ ಬೀಸು ಅಭ್ಯಾಸ. ಈ ಇಬ್ಬರಿಗೂ ಕೊರತೆ ಇರುವುದು ಮೆಲ್ಲನೆಯ ಹೊಡೆತದಲ್ಲಿ. ಅಂಗಡಿಯಲ್ಲಿ ಕೇಳುವುದು ಮಾತ್ರ ಪವರ್.

2. ಆಕಾರ

ನಿಯಮದ ಪ್ರಕಾರ ಪ್ಯಾಡಲ್‌ನ ಉದ್ದ 17 ಇಂಚು ಮೀರಬಾರದು, ಉದ್ದ ಅಗಲ ಕೂಡಿಸಿದರೆ 24 ಇಂಚು ಮೀರಬಾರದು. ಅಂದರೆ ಉದ್ದ ಜಾಸ್ತಿಯಾದರೆ ಅಗಲ ಕಡಿಮೆಯಾಗಲೇಬೇಕು. 16 ಇಂಚು ಉದ್ದ, 8 ಇಂಚು ಅಗಲದ್ದು ಮಾಮೂಲಿ ಆಕಾರ. ಹದಿನಾರೂವರೆ ಇಂಚು ಉದ್ದ, ಏಳೂವರೆ ಅಗಲದ್ದು ಉದ್ದನೆಯ ಆಕಾರ. ಉದ್ದನೆಯದು ದೂರದ ಚೆಂಡಿಗೆ ಎಟುಕುತ್ತದೆ, ಬೀಸಿದಾಗ ವೇಗವೂ ಹೆಚ್ಚು. ಆದರೆ ಚೆಂಡು ನಡುವಿಗೆ ತಾಗದೆ ಅಂಚಿಗೆ ತಾಗಿದರೆ ಕೈಯಲ್ಲಿ ತಿರುಚಿಕೊಳ್ಳುತ್ತದೆ. ಮೊದಲ ಪ್ಯಾಡಲ್ ಆದರೆ ಮಾಮೂಲಿ ಆಕಾರ ತೆಗೆದುಕೊಳ್ಳಿ.

3. ದಪ್ಪ

1965ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೈನ್‌ಬ್ರಿಡ್ಜ್ ದ್ವೀಪದಲ್ಲಿ ಈ ಆಟ ಹುಟ್ಟಿದಾಗ ಪ್ಯಾಡಲ್ ಅಂದರೆ ಮರದ ಹಲಗೆ. 1984ರಲ್ಲಿ ಬೋಯಿಂಗ್ ಕಂಪನಿಯ ಎಂಜಿನಿಯರ್ ಆರ್ಲೆನ್ ಪರಾಂಟೊ, ವಿಮಾನದ ನೆಲಕ್ಕೆ ಬಳಸುವ ಜೇನುಗೂಡಿನಂಥ ಹಗುರ ಹಲಗೆಯಿಂದ ಪ್ಯಾಡಲ್ ಮಾಡಿದರು. ಇವತ್ತಿನ ಬಹುಪಾಲು ಪ್ಯಾಡಲ್‌ಗಳ ಒಳಗೂ ಜೇನುಗೂಡೇ ಇದೆ, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್‌ನದು. ಅದರ ದಪ್ಪ ಸಾಮಾನ್ಯವಾಗಿ 13 ಅಥವಾ 14 ಮಿ.ಮೀ., ಇಲ್ಲವೇ 16 ಮಿ.ಮೀ. ಇರುತ್ತದೆ.

ತೆಳ್ಳಗಿನದು ಚೆಂಡನ್ನು ಪಟಕ್ಕನೆ ಚಿಮ್ಮಿಸುತ್ತದೆ. ದಪ್ಪದ್ದು ಎದುರಿನಿಂದ ಬಂದ ವೇಗವನ್ನು ಸ್ವಲ್ಪ ನುಂಗಿಕೊಂಡು ಚೆಂಡನ್ನು ಮೆತ್ತಗೆ ಬಿಡುತ್ತದೆ. ಇದರಲ್ಲಿ ನನಗೆ ಎರಡು ಮಾತಿಲ್ಲ: ಮೊದಲ ಪ್ಯಾಡಲ್ 16 ಮಿ.ಮೀ. ಇರಲಿ. ನಮ್ಮ ಜೊತೆ ಆಡುವ ಹಿರಿಯರೊಬ್ಬರು ಮೂವತ್ತು ವರ್ಷ ಟೆನಿಸ್ ಆಡಿದವರು. ಉದ್ದನೆಯ, ತೆಳ್ಳಗಿನ ಪ್ಯಾಡಲ್ ತಂದರು. ಸರ್ವ್ ಗುಂಡಿನ ಹಾಗೆ ಹೋಗುತ್ತಿತ್ತು. ಆದರೆ ಕಿಚನ್ ಲೈನಿನಲ್ಲಿ ಸುಮ್ನೆ ಅಡ್ಡ ಹಿಡಿದರೂ ಚೆಂಡು ಎತ್ತರಕ್ಕೆ ಏಳುತ್ತಿತ್ತು, ಎದುರಿನವರು ಹೊಡೆದು ಮುಗಿಸುತ್ತಿದ್ದರು. ಕೊನೆಗೆ ನನ್ನ 16 ಮಿ.ಮೀ. ಪ್ಯಾಡಲ್ ಕೊಟ್ಟು ಎರಡು ಗೇಮ್ ಆಡಿಸಿದೆ. ಅದನ್ನು ವಾಪಸ್ ಕೊಡಲು ಅವರಿಗೆ ಮನಸ್ಸೇ ಬರಲಿಲ್ಲ.

4. ಮೇಲ್ಮೈ, ಅಂದರೆ ಸ್ಪಿನ್

ಫೈಬರ್‌ಗ್ಲಾಸ್ ಮೇಲ್ಮೈ ಚೆಂಡನ್ನು ಜೋರಾಗಿ ಚಿಮ್ಮಿಸುತ್ತದೆ. ಬಣ್ಣ ಬಳಿಯದ ಕಾರ್ಬನ್ ಫೈಬರ್, ಅಂದರೆ ಅಂಗಡಿಯವರು 'ರಾ ಕಾರ್ಬನ್' ಅನ್ನುವುದು, ನೇಯ್ಗೆಯ ಗುರುತಿನಿಂದಲೇ ತರಿತರಿಯಾಗಿರುತ್ತದೆ. ಆ ತರಿ ಚೆಂಡನ್ನು ಕಚ್ಚಿ ತಿರುಗಿಸುತ್ತದೆ. ಇನ್ನು ಕೆಲವದರಲ್ಲಿ ಬಣ್ಣದ ಜೊತೆ ತರಿ ಸೇರಿಸಿ ಸಿಂಪಡಿಸಿರುತ್ತಾರೆ. ಹೊಸದರಲ್ಲಿ ಅದೂ ಚೆನ್ನಾಗಿ ಕಚ್ಚುತ್ತದೆ, ಆದರೆ ಬೇಗ ಸವೆದು ನುಣ್ಣಗಾಗುತ್ತದೆ. ನನ್ನ ಆಯ್ಕೆ ರಾ ಕಾರ್ಬನ್.

ಇಲ್ಲಿ ಮೋಸ ಇದೆ, ಹುಷಾರು. ಆನ್‌ಲೈನಿನಲ್ಲಿ 'ಕಾರ್ಬನ್' ಅಂತ ಮಾರುವ ಅಗ್ಗದ ಪ್ಯಾಡಲ್‌ಗಳಲ್ಲಿ ಕೆಲವು ಬರೀ ಚಿತ್ರ. ಫೈಬರ್‌ಗ್ಲಾಸ್ ಮೇಲೆ ಕಪ್ಪು ನೇಯ್ಗೆಯ ವಿನ್ಯಾಸ ಅಚ್ಚು ಹಾಕಿರುತ್ತಾರೆ. ನನಗೂ ಒಂದು ಹೀಗೆ ಬಂತು. ಕಂಡುಹಿಡಿಯುವುದು ಸುಲಭ. ಕಣ್ಣು ಮುಚ್ಚಿ ಉಗುರಿನಿಂದ ಮೆಲ್ಲಗೆ ಎಳೆಯಿರಿ. ನಿಜವಾದ ರಾ ಕಾರ್ಬನ್ ಸಣ್ಣ ಉಜ್ಜುಕಾಗದದ ಹಾಗೆ ಸರಸರ ಅನ್ನುತ್ತದೆ. ಅಚ್ಚು ಹಾಕಿದ್ದರ ಮೇಲೆ ಉಗುರು ಜಾರಿಬಿಡುತ್ತದೆ.

ನುಣುಪಾದ ಪ್ಯಾಡಲ್‌ಗೆ ಮನೆಯಲ್ಲೇ ಉಜ್ಜುಕಾಗದ ಅಂಟಿಸುವುದು, ಮರಳು ಸೇರಿಸಿದ ಪೇಂಟ್ ಹೊಡೆಯುವುದು ಇವೆಲ್ಲ ಮಾಡಬೇಡಿ. ನಿಯಮದಲ್ಲಿ ಅದಕ್ಕೆ ಜಾಗವಿಲ್ಲ, ಟೂರ್ನಮೆಂಟಿನಲ್ಲಿ ಆಡಲು ಬಿಡುವುದಿಲ್ಲ. ಇನ್ನೊಂದು ವಿಷಯ. ಸ್ಪಿನ್‌ನ ದೊಡ್ಡ ಪಾಲು ಬರುವುದು ಕೈಯಿಂದ. ಪ್ಯಾಡಲ್ ಕೆಳಗಿನಿಂದ ಮೇಲಕ್ಕೆ ವೇಗವಾಗಿ ಚೆಂಡನ್ನು ಸವರಿಕೊಂಡು ಹೋಗಬೇಕು. ಆ ಬೀಸು ಇಲ್ಲದಿದ್ದರೆ ಇಪ್ಪತ್ತು ಸಾವಿರದ ಪ್ಯಾಡಲ್ ಕೂಡ ಚೆಂಡನ್ನು ತಿರುಗಿಸುವುದಿಲ್ಲ.

5. ತೂಕ, ಮತ್ತು ಅದು ಎಲ್ಲಿದೆ ಎನ್ನುವುದು

ಬ್ಯಾಡ್ಮಿಂಟನ್ ರಾಕೆಟ್ ಸುಮಾರು 85 ಗ್ರಾಂ. ಪಿಕಲ್‌ಬಾಲ್ ಪ್ಯಾಡಲ್ ಹೆಚ್ಚಾಗಿ 210ರಿಂದ 240 ಗ್ರಾಂ. ಬ್ಯಾಡ್ಮಿಂಟನ್‌ನವರು ಬರೀ ಮಣಿಕಟ್ಟಿನಿಂದ ಇದನ್ನು ಬೀಸಲು ಹೋಗಿ ನೋವು ಮಾಡಿಕೊಳ್ಳುವುದು ಇದಕ್ಕೇ. ಆಮೇಲೆ ಎಲ್ಲಕ್ಕಿಂತ ಹಗುರದ್ದು ಹುಡುಕುತ್ತಾರೆ. ಅದೂ ಸರಿಯಲ್ಲ. ತೀರಾ ಹಗುರದ್ದು ಜೋರಾದ ಚೆಂಡಿಗೆ ತಾಗಿದಾಗ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಅದನ್ನು ತಡೆಯಲು ನಾವು ಗ್ರಿಪ್ ಬಿಗಿಯಾಗಿ ಹಿಡಿಯುತ್ತೇವೆ. ಮೊಣಕೈಗೆ ಆ ಬಿಗಿತವೇ ಕಷ್ಟ. ಹೆಚ್ಚಿನವರಿಗೆ 220ರಿಂದ 230 ಗ್ರಾಂ ಸರಿಹೋಗುತ್ತದೆ.

ಆದರೆ ಡಬ್ಬದ ಮೇಲಿನ ತೂಕ ಅರ್ಧ ಕಥೆ ಅಷ್ಟೇ. 225 ಗ್ರಾಂನ ಎರಡು ಪ್ಯಾಡಲ್ ಕೈಗೆ ಬೇರೆಬೇರೆಯಾಗಿ ಸಿಗುತ್ತವೆ. ಅಡುಗೆಮನೆಯಲ್ಲಿ ಸೌಟು ನೆನಪಿಸಿಕೊಳ್ಳಿ. ಹಿಡಿಯ ತುದಿ ಹಿಡಿದರೆ ಅದೇ ಸೌಟು ಭಾರ, ಬಟ್ಟಲಿನ ಹತ್ತಿರ ಹಿಡಿದರೆ ಹಗುರ. ಪ್ಯಾಡಲ್‌ನಲ್ಲೂ ತೂಕ ತಲೆಯ ಕಡೆ ಜಾಸ್ತಿ ಇದ್ದರೆ ಹೊಡೆತಕ್ಕೆ ಬಲ ಬರುತ್ತದೆ, ಆದರೆ ಕೈ ತಿರುಗಿಸುವುದು ನಿಧಾನವಾಗುತ್ತದೆ. ಹಿಡಿಯ ಕಡೆ ಇದ್ದರೆ ಕೈ ಚುರುಕು.

ಅಂಗಡಿಯಲ್ಲೇ ಇದನ್ನು ನೋಡಬಹುದು. ಎರಡು ಪ್ಯಾಡಲ್ ತೆಗೆದುಕೊಂಡು ಒಂದೊಂದನ್ನೂ ತೋರುಬೆರಳಿನ ಮೇಲೆ ಅಡ್ಡಡ್ಡಲಾಗಿ ನಿಲ್ಲಿಸಿ. ಹಿಡಿಯ ತಳದಿಂದ ಬೆರಳಿರುವ ಜಾಗಕ್ಕೆ ಯಾವುದರಲ್ಲಿ ದೂರ ಜಾಸ್ತಿಯೋ, ಅದರ ತಲೆ ಭಾರ. ಆಮೇಲೆ ಪ್ಯಾಡಲನ್ನು ಎದೆಯ ಮುಂದೆ ಹಿಡಿದು ಎಡಕ್ಕೂ ಬಲಕ್ಕೂ ಬೇಗಬೇಗ ಇಪ್ಪತ್ತು ಸಲ ತಿರುಗಿಸಿ. ಹದಿನೈದನೆಯದಕ್ಕೆ ಮುಂಗೈ ಉರಿದರೆ ಅದು ನಿಮ್ಮದಲ್ಲ. ಚೆಂಡನ್ನು ಪ್ಯಾಡಲ್ ಮೇಲೆ ಟಪಟಪ ಕುಣಿಸಿ 'ಸೌಂಡ್ ಚೆನ್ನಾಗಿದೆ' ಅನ್ನುತ್ತಾರಲ್ಲ, ಅದರಿಂದ ಏನೂ ಗೊತ್ತಾಗುವುದಿಲ್ಲ. ಹಳೆಯ ಪ್ಯಾಡಲ್ ಕೊಳ್ಳುವಾಗ ಮಾತ್ರ ಸದ್ದಿನಿಂದ ಉಪಯೋಗ ಇದೆ. ಬೆರಳಿನ ಗೆಣ್ಣಿನಿಂದ ಮೇಲ್ಮೈಯನ್ನೆಲ್ಲ ತಟ್ಟುತ್ತಾ ಹೋಗಿ. ಒಂದು ಕಡೆ ಸದ್ದು ಬೇರೆಯಾಗಿ, ಟೊಳ್ಳಾಗಿ ಬಂದರೆ ಒಳಗೆ ಅಂಟು ಬಿಟ್ಟಿರಬಹುದು ಇಲ್ಲವೇ ಜೇನುಗೂಡು ಕುಸಿದಿರಬಹುದು. ಅಂಥದ್ದನ್ನು ಬಿಟ್ಟಿಯಾಗಿ ಕೊಟ್ಟರೂ ಬೇಡ.

6. ಗ್ರಿಪ್

ಸಣ್ಣದು ತೆಗೆದುಕೊಳ್ಳಿ. ಓವರ್‌ಗ್ರಿಪ್, ಅಂದರೆ ಹಿಡಿಯ ಮೇಲೆ ಸುತ್ತುವ ತೆಳು ಪಟ್ಟಿ, ಸುತ್ತಿ ದಪ್ಪ ಮಾಡಬಹುದು, ದಪ್ಪದ್ದನ್ನು ಸಣ್ಣ ಮಾಡಲಾಗುವುದಿಲ್ಲ. ಎರಡು ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಹೊಡೆಯುವವರಾದರೆ ಹಿಡಿಯ ಉದ್ದ ಐದೂವರೆ ಇಂಚಾದರೂ ಇರಲಿ.

7. ಕೋರ್ಟಿನಲ್ಲಿ ಆಡಿ ನೋಡುವುದು

ಜನ ಎಡವುವುದು ಇಲ್ಲೇ. ಸ್ನೇಹಿತರ ಪ್ಯಾಡಲ್ ಇಸ್ಕೊಂಡು ನಾಲ್ಕು ಸ್ಮ್ಯಾಶ್ ಹೊಡೆಯುತ್ತಾರೆ, 'ವಾವ್' ಅನ್ನುತ್ತಾರೆ, ಮನೆಗೆ ಹೋಗಿ ಆರ್ಡರ್ ಮಾಡುತ್ತಾರೆ. ಸ್ಮ್ಯಾಶ್ ಯಾವ ಪ್ಯಾಡಲ್‌ನಲ್ಲೂ ಚೆನ್ನಾಗಿಯೇ ಹೋಗುತ್ತದೆ. ಪ್ಯಾಡಲ್‌ನ ನಿಜವಾದ ಗುಣ ಗೊತ್ತಾಗಬೇಕಾದರೆ ಕಷ್ಟದ ಹೊಡೆತದಿಂದ ಶುರು ಮಾಡಬೇಕು. ಜೊತೆಗೆ ತಾಳ್ಮೆಯಿಂದ ಚೆಂಡು ಕೊಡುವ ಒಬ್ಬರು ಬೇಕು, ನಿಮ್ಮ ಈಗಿನ ಪ್ಯಾಡಲ್ ಪಕ್ಕದಲ್ಲಿರಬೇಕು. ಚೆಂಡು ಒಂದೇ ಇರಲಿ, ಬಿರುಕು ಬಿಟ್ಟಿರಬಾರದು. ಬಿಸಿಲಿಗೆ ಕಾದ ಚೆಂಡು ಮೆತ್ತಗಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ಹಾಗಾಗಿ ಹಳೆಯದನ್ನು ಬೆಳಿಗ್ಗೆ, ಹೊಸದನ್ನು ಮಧ್ಯಾಹ್ನ ಆಡಿ ಹೋಲಿಸಬೇಡಿ. ಹತ್ತು ಹೊಡೆತ ಹಳೆಯದರಲ್ಲಿ, ಹತ್ತು ಹೊಸದರಲ್ಲಿ, ಹೀಗೆ ಬದಲಿಸುತ್ತಾ ಹೋಗಿ.

ಮೊದಲ ಹತ್ತು ನಿಮಿಷ ಏನನ್ನೂ ತೀರ್ಮಾನಿಸಬೇಡಿ. ಕೈ ಹೊಂದಿಕೊಳ್ಳಲಿ.

ಆಮೇಲೆ ಕಿಚನ್ ಲೈನಿನಲ್ಲಿ ನಿಂತು ಮೂಲೆಯಿಂದ ಮೂಲೆಗೆ ಇಪ್ಪತ್ತು ಡಿಂಕ್. ನೆಟ್ ದಾಟುವಾಗ ಚೆಂಡು ಬೇಕಾದ್ದಕ್ಕಿಂತ ಎಷ್ಟು ಸಲ ಮೇಲೆ ತೇಲಿತು, ಎಣಿಸಿ. ನಂತರ ಹಿಂದಿನ ಗೆರೆಗೆ ಹೋಗಿ ಇಪ್ಪತ್ತು ಡ್ರಾಪ್, ಅಂದರೆ ಅಲ್ಲಿಂದ ಎದುರಿನ ಕಿಚನ್‌ಗೆ ಮೆಲ್ಲಗೆ ಇಳಿಸುವ ಹೊಡೆತ. ಎಷ್ಟು ಚೆಂಡು ಎದುರಿನ 7 ಅಡಿಯೊಳಗೆ ಬಿತ್ತು, ಎಣಿಸಿ. ಆಮೇಲೆ ನೀವು ಮತ್ತೆ ಕಿಚನ್ ಲೈನಿನಲ್ಲಿ, ಎದುರಿನವರು ತಮ್ಮ ಹಿಂದಿನ ಗೆರೆಯಿಂದ ನಿಮ್ಮ ಮೈಮೇಲೆ ಜೋರಾಗಿ ಹೊಡೆಯಬೇಕು. ಪ್ಯಾಡಲನ್ನು ಬೀಸಬೇಡಿ, ಸುಮ್ನೆ ಅಡ್ಡ ಹಿಡಿಯಿರಿ, ಗ್ರಿಪ್ ಸಡಿಲ ಇರಲಿ. ಚೆಂಡು ಕಿಚನ್ ಒಳಗೇ ಸತ್ತು ಬಿದ್ದರೆ ಒಳ್ಳೆಯದು. ಎದುರಿನವರ ಸೊಂಟದೆತ್ತರಕ್ಕೆ ಚಿಮ್ಮಿದರೆ ಆ ಪ್ಯಾಡಲ್ ನಿಮ್ಮ ಕೈಗೆ ಇನ್ನೂ ಜೋರು. ಈ ಹೊಡೆತದಲ್ಲೇ ಕೆಲವು ಚೆಂಡು ಅಂಚಿಗೆ ತಾಗುತ್ತವೆ. ಪ್ಯಾಡಲ್ ಕೈಯಲ್ಲಿ ತಿರುಚಿಕೊಳ್ಳುತ್ತದಾ, ಗಮನಿಸಿ. ಸರ್ವ್, ಡ್ರೈವ್ (ನೇರವಾಗಿ ಜೋರಾಗಿ ಹೊಡೆಯುವುದು), ಸ್ಮ್ಯಾಶ್ ಎಲ್ಲ ಕೊನೆಗೆ, ಐದೈದು ಸಾಕು.

ಲೆಕ್ಕವನ್ನು ಫೋನಿನಲ್ಲಿ ಬರೆದಿಡಿ. ಹೊಸ ಪ್ಯಾಡಲ್ ಮೇಲಿನ ಆಸೆ ನಮ್ಮ ನೆನಪನ್ನು ತಿದ್ದಿಬಿಡುತ್ತದೆ, ಬರೆದದ್ದನ್ನು ತಿದ್ದುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಡಿ. ಅದೇ ಪ್ಯಾಡಲ್‌ನಲ್ಲಿ ಮುಕ್ಕಾಲು ಗಂಟೆ ಗೇಮ್ ಆಡಿ, ಬೆವರಿ, ಮತ್ತೆ ಇಪ್ಪತ್ತು ಡಿಂಕ್ ಮಾಡಿ. ದಣಿದ ಕೈಯ ಲೆಕ್ಕ ಮೊದಲಿನದಕ್ಕಿಂತ ತುಂಬಾ ಕೆಟ್ಟಿದ್ದರೆ ಆ ಪ್ಯಾಡಲ್ ನಿಮ್ಮ ಕೈಗೆ ಭಾರ ಇರಬಹುದು. ಐದು ನಿಮಿಷದ ಪರೀಕ್ಷೆಯಲ್ಲಿ ಇದು ಸಿಗುವುದೇ ಇಲ್ಲ. ಮರುದಿನ ಬೆಳಿಗ್ಗೆ ಕಾಫಿ ಲೋಟ ಎತ್ತುವಾಗ ಮೊಣಕೈಯ ಹೊರಬದಿ ಚುಚ್ಚಿದರೆ ಅದನ್ನೂ ಬರೆದುಕೊಳ್ಳಿ. ಆಡಿ ನೋಡಲು ಕೊಡದ ಅಂಗಡಿಯಲ್ಲಿ ದುಬಾರಿ ಪ್ಯಾಡಲ್ ಕೊಳ್ಳಬೇಡಿ. ಕೋರ್ಟಿನಲ್ಲಿ ಕೇಳಿದರೆ ಒಂದು ಗಂಟೆಗೆ ತಮ್ಮ ಪ್ಯಾಡಲ್ ಕೊಡುವವರು ಬೇಕಾದಷ್ಟು ಜನ ಇದ್ದಾರೆ, ಕೇಳಲು ಸಂಕೋಚ ಬೇಡ.

8. ಟೂರ್ನಮೆಂಟ್ ಆಡುವವರು

ಸಂಘಟಕರು ಯಾವ ಮಾನ್ಯತೆ ಕೇಳುತ್ತಾರೆ ಅಂತ ಮೊದಲೇ ವಿಚಾರಿಸಿ. ಪ್ಯಾಡಲ್ ಮೇಲೆ ಮುದ್ರೆ ಇದ್ದರೆ ಸಾಲದು. ಅಮೆರಿಕದ ಪಿಕಲ್‌ಬಾಲ್ ಸಂಸ್ಥೆಯಾದ ಯುಎಸ್‌ಎ ಪಿಕಲ್‌ಬಾಲ್‌ನ ಮಾನ್ಯತೆ ಕೇಳಿದರೆ, ಅದರ ಪಟ್ಟಿಯಲ್ಲಿ ಅದೇ ಮಾದರಿಯ ಹೆಸರು ಇದೆಯಾ ನೋಡಿ.

9. ಕೊಂಡ ಮೇಲೆ

ಒಂದು ತಿಂಗಳು ಏನೂ ಬದಲಿಸದೆ ಆಡಿ. ಆಗಲೂ ಪವರ್ ಸಾಲದು ಅನ್ನಿಸಿದರೆ ಹೊಸ ಪ್ಯಾಡಲ್ ಹುಡುಕಬೇಕಿಲ್ಲ. ಅಂಚಿಗೆ ಅಂಟಿಸುವ ತೂಕದ ಟೇಪ್ ಸಿಗುತ್ತದೆ. ಗಡಿಯಾರದ ಮುಖ ಅಂದುಕೊಂಡರೆ 3 ಮತ್ತು 9ರ ಜಾಗದಲ್ಲಿ ಎರಡೆರಡು ಗ್ರಾಂ ಅಂಟಿಸಿ. ತಿರುಚುವುದು ಕಡಿಮೆಯಾಗುತ್ತದೆ, ಹೊಡೆತಕ್ಕೂ ಸ್ವಲ್ಪ ಬಲ ಬರುತ್ತದೆ. ನೆತ್ತಿಗೆ, ಅಂದರೆ 12ರ ಜಾಗಕ್ಕೆ ಅಂಟಿಸಿದರೆ ಬಲ ಇನ್ನೂ ಜಾಸ್ತಿ, ಕೈಗೆ ಭಾರವೂ ಜಾಸ್ತಿ. ಅದನ್ನು ಆಮೇಲೆ ನೋಡಿ. ಸೀಸದ ಟೇಪ್ ಬೇಡ, ಟಂಗ್‌ಸ್ಟನ್ ತೆಗೆದುಕೊಳ್ಳಿ. ಮನೆಯಲ್ಲಿ ಮಕ್ಕಳು ಪ್ಯಾಡಲ್ ಮುಟ್ಟುತ್ತಾರೆ, ಅಲ್ವಾ?

ಮೇಲ್ಮೈಯ ತರಿಯಲ್ಲಿ ಚೆಂಡಿನ ಪ್ಲಾಸ್ಟಿಕ್ ಪುಡಿ ತುಂಬಿಕೊಂಡು ಸ್ಪಿನ್ ಕಡಿಮೆಯಾಗುತ್ತದೆ. ಅದಕ್ಕೆಂದೇ ಸಿಗುವ ರಬ್ಬರ್ ತುಂಡಿನಿಂದ ವಾರಕ್ಕೊಮ್ಮೆ ಉಜ್ಜಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಪ್ಯಾಡಲ್ ಬಿಡಬೇಡಿ, ಶಾಖಕ್ಕೆ ಒಳಗಿನ ಅಂಟು ಹಾಳಾಗುತ್ತದೆ. ಹೊಸದಾಗಿದ್ದಾಗ ಉಗುರು ಎಳೆದು ನೋಡಿದ ಆ ಸರಸರ ಸದ್ದು ನೆನಪಿಟ್ಟುಕೊಂಡು, ಮೂರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ಮತ್ತೆ ಎಳೆದು ನೋಡಿ.